ಎದೆ ತಣ್ಣಗಾಗದ ಹಾಗೆ

ನಮ್ಮ ಜಿಲ್ಲೆಯಲ್ಲಿ ಚಳಿ ಎಂದರೆ ಜನ ನಗುತ್ತಾರೆ. ಡಿಸೆಂಬರ್ ತಿಂಗಳಲ್ಲಿ ಉಡುಪಿಯ ಬಸ್ ನಿಲ್ದಾಣದಲ್ಲಿ ಯಾರಾದರೂ ಸ್ವೆಟರ್ ತೊಟ್ಟು ನಿಂತಿದ್ದರೆ, ಘಟ್ಟದ ಮೇಲಿನಿಂದ ಬಂದವರಿರಬೇಕು ಎಂದುಕೊಳ್ಳುತ್ತಾರೆ. ಕಾಪುವಿನಲ್ಲಿರುವ ನನ್ನ ಹೆಂಡತಿಯ ತವರುಮನೆಯಲ್ಲಂತೂ ವರ್ಷವಿಡೀ ಫ್ಯಾನ್ ತಿರುಗುತ್ತಲೇ ಇರುತ್ತದೆ. ನಮ್ಮ ಮನೆ ಇರುವುದು ಬಜಗೋಳಿಯಲ್ಲಿ, ಕುದುರೆಮುಖದ ಕಡೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ. ಅಲ್ಲಿ ಬೆಳಗ್ಗೆ ಮಂಜು ಇಳಿಯುತ್ತದೆ, ಅಂಗಳದಲ್ಲಿ ಒಣಹಾಕಿದ ಬಟ್ಟೆ ಮತ್ತೆ ಒದ್ದೆಯಾಗುತ್ತದೆ. ಆದರೂ ಅದು ಒಂದು ಹೊದಿಕೆಯಲ್ಲಿ ಕಳೆದುಹೋಗುವ ಚಳಿ. ಬೈಕಿನ ಮೇಲೆ ಕೂತರೆ ಅದೇ ಚಳಿ ಬೇರೆಯದೇ ಆಗುತ್ತದೆ ಎನ್ನುವುದು ನನಗೆ ಗೊತ್ತಾದದ್ದು ಒಂದೇ ಒಂದು ಚಳಿಗಾಲದಲ್ಲಿ.

ನಾನು ಕಾರ್ಕಳದ ಒಂದು ಸಣ್ಣ ಮುದ್ರಣಾಲಯದಲ್ಲಿ ಕೆಲಸ ಮಾಡುತ್ತೇನೆ. ಮದುವೆಯ ಕಾಗದ, ಭೂತಕೋಲದ ಆಮಂತ್ರಣ, ಶಾಲೆಗಳ ವಾರ್ಷಿಕ ಸಂಚಿಕೆ, ಇವನ್ನೆಲ್ಲ ಕಂಪ್ಯೂಟರಿನಲ್ಲಿ ಜೋಡಿಸುವುದು, ಕರಡು ತಿದ್ದುವುದು ನನ್ನ ಕೆಲಸ. ಮನೆಯಿಂದ ಕಾರ್ಕಳಕ್ಕೆ ಹೋಗಿಬರಲು ಒಂದು ಹಳೆಯ ನೂರು ಸಿಸಿ ಬೈಕು. ಬಿಸಿಲು ಏರಿದ ಮೇಲೆ ಹೊರಟು, ಕತ್ತಲಾಗುವ ಮೊದಲು ಮನೆ ಸೇರುವವನಿಗೆ ಚಳಿಯ ಯೋಚನೆ ಎಂತದ್ದು? ಅದುವರೆಗೆ ನಾನು ಅಂಗಿಯ ಮೇಲಿನ ಗುಂಡಿಯನ್ನು ಸಹ ಹಾಕಿಕೊಂಡವನಲ್ಲ.

ಆ ವರ್ಷ ನನ್ನ ಹೆಂಡತಿ ಗರ್ಭಿಣಿ. ಮದುವೆಯಾಗಿ ಬಹಳ ಕಾಲ ಕಾದ ಮೇಲೆ ನಿಂತ ಬಸಿರು. ಸಕ್ಕರೆ ಅಂಶ ಏರಿತ್ತು, ರಕ್ತದೊತ್ತಡವೂ ಇತ್ತು. ಏಳನೇ ತಿಂಗಳಿಗೆ ಅವಳ ಕಾಲು ಎಷ್ಟು ಊದಿತೆಂದರೆ ಕಾಲುಂಗುರವನ್ನು ಕತ್ತರಿಸಿ ತೆಗೆಯಬೇಕಾಯಿತು. ತಾಯಿಮನೆಯಲ್ಲಿ ವಿಶ್ರಾಂತಿಗೆಂದು ಕಾಪುವಿಗೆ ಹೋದವಳು ಒಂದು ಮಧ್ಯಾಹ್ನ ತಲೆನೋವು, ಕಣ್ಣೆದುರು ಹೊಗೆ ಎಂದಳಂತೆ. ಅವಳ ಅಣ್ಣ ಕಾರಿನಲ್ಲಿ ಹಾಕಿಕೊಂಡು ಮಣಿಪಾಲಕ್ಕೆ ಓಡಿದ. ನಾನು ಕಾರ್ಕಳದಿಂದ ತಲುಪುವಷ್ಟರಲ್ಲಿ ಆಪರೇಷನ್ ಆಗಿತ್ತು. ಹೆಣ್ಣುಮಗು. ತೂಕ ಒಂದು ಕಿಲೋ ಮುಟ್ಟಿರಲಿಲ್ಲ. ಹೆಂಡತಿಗೆ ಎಚ್ಚರ ಇರಲಿಲ್ಲ. ಮಗುವನ್ನು ಅವಳು ನೋಡಲೂ ಇಲ್ಲ.

ಮಗು ಕೆಳಗಿನ ಮಹಡಿಯ ಗಾಜಿನ ಪೆಟ್ಟಿಗೆಯಲ್ಲಿ, ತಾಯಿ ಮೇಲಿನ ಮಹಡಿಯ ವಾರ್ಡಿನಲ್ಲಿ. ನಡುವೆ ಇದ್ದದ್ದು ಮೆಟ್ಟಿಲು ಮಾತ್ರ. ಆದರೆ ಸಕ್ಕರೆಯಿಂದಾಗಿ ಅವಳ ಹೊಲಿಗೆ ಕೂಡಿಕೊಳ್ಳಲಿಲ್ಲ. ಗಾಯದಲ್ಲಿ ಕೀವಾಯಿತು, ಜ್ವರ ಬಿಡಲಿಲ್ಲ. ಆ ಕೀವಿನಲ್ಲಿ ಸಾಮಾನ್ಯ ಔಷಧಿಗೆ ಬಗ್ಗದ ಒಂದು ಕ್ರಿಮಿ ಉಂಟು, ಅದು ಪೂರಾ ಹೋಗುವವರೆಗೆ ತಾಯಿ ಮಕ್ಕಳ ಘಟಕದ ಒಳಗೆ ಬರುವಂತಿಲ್ಲ ಎಂದರು ವೈದ್ಯರು. ಹಾಲಿಗೆ ಅಡ್ಡಿ ಇರಲಿಲ್ಲ. ವಾರ್ಡಿನ ಸಿಸ್ಟರ್ ಬಂದು ಹಾಲು ತೆಗೆಸುತ್ತಿದ್ದರು, ಸಣ್ಣ ಬಾಟಲಿಯಲ್ಲಿ ಅದು ಕೆಳಗೆ ಹೋಗುತ್ತಿತ್ತು, ಮಗುವಿನ ಮೂಗಿನ ನಳಿಗೆಯಲ್ಲಿ ಹನಿ ಹನಿಯಾಗಿ ಇಳಿಯುತ್ತಿತ್ತು. ತಾಯಿಯಿಂದ ಮಗುವಿಗೆ ತಲುಪುತ್ತಿದ್ದದ್ದು ಅಷ್ಟೇ.

ಘಟಕದೊಳಗೆ ಫೋನ್ ಬಿಡುತ್ತಿರಲಿಲ್ಲ. ಮೊದಲ ದಿನ ಅಲ್ಲಿನ ಹಿರಿಯ ಸಿಸ್ಟರ್ ಕನಿಕರಪಟ್ಟು ತೆಗೆದುಕೊಟ್ಟ ಒಂದು ಫೋಟೊ ಇತ್ತು. ಟೊಪ್ಪಿ, ನಳಿಗೆ, ಪಟ್ಟಿ ಇವುಗಳ ನಡುವೆ ಮಗುವನ್ನು ಹುಡುಕಬೇಕಿತ್ತು. ನನ್ನ ಹೆಂಡತಿ ಅದನ್ನು ದೊಡ್ಡದು ಮಾಡಿ ಮಾಡಿ ನೋಡುತ್ತಿದ್ದಳು. ಹೆಚ್ಚು ದೊಡ್ಡದು ಮಾಡಿದರೆ ಏನೂ ಕಾಣುತ್ತಿರಲಿಲ್ಲ.

ಕೆಲವು ದಿನ ಕಳೆದು ಮಗುವಿನ ಉಸಿರು ಒಂದು ಹದಕ್ಕೆ ಬಂದ ಮೇಲೆ ಆ ಹಿರಿಯ ಸಿಸ್ಟರ್ ನನ್ನನ್ನು ಕರೆದರು. ಅವರು ಕುಂದಾಪುರದ ಕಡೆಯವರು, ನಿವೃತ್ತಿಗೆ ಹತ್ತಿರವಿದ್ದವರು. ಇಂಥ ಮಕ್ಕಳಿಗೆ ತಾಯಿಯ ಬರಿಯ ಎದೆಯ ಮೇಲೆ ಮಲಗಿದರೆ ಶಾಖ ಸಿಗುತ್ತದೆ, ತೂಕ ಏರುತ್ತದೆ, ಉಸಿರು ಮರೆಯುವುದು ಕಡಿಮೆಯಾಗುತ್ತದೆ. ತಾಯಿಗೆ ಸಾಧ್ಯವಿಲ್ಲದಿದ್ದರೆ ತಂದೆಯೂ ಆಗಬಹುದು, ಬೆಳಗ್ಗೆ ಕೆಲಸಕ್ಕೆ ಹೋಗುವ ಮೊದಲು ಬನ್ನಿ ಎಂದರು. ಹೆಂಗಸರ ವಾರ್ಡಿನಲ್ಲಿ ಅತ್ತೆ ಮಾತ್ರ ಉಳಿಯಬಹುದಿತ್ತು. ನಾನು ಪ್ರತಿದಿನ ಬಜಗೋಳಿಗೆ ಮರಳಿ ಹೋಗಲೇಬೇಕಿತ್ತು. ಹಾಗೆ ಶುರುವಾಯಿತು ನನ್ನ ಬೆಳಗಿನ ಸವಾರಿ. ಬಜಗೋಳಿಯಿಂದ ಕಾರ್ಕಳ, ಬೈಲೂರು, ಹಿರಿಯಡಕ, ಪರ್ಕಳ, ಆಮೇಲೆ ಮಣಿಪಾಲದ ಏರು.

ಮೊದಲ ದಿನ ಎಂದಿನ ಅಂಗಿಯಲ್ಲೇ ಹೊರಟೆ. ಕಾರ್ಕಳ ದಾಟುವವರೆಗೆ ಹಾಯಾಗಿತ್ತು. ಬೈಲೂರಿನ ಆಚೆ ಗಾಳಿ ಅಂಗಿಯ ಗುಂಡಿಗಳ ನಡುವಿನಿಂದ ಒಳಗೆ ನುಗ್ಗಿ ಬೆನ್ನಿನವರೆಗೆ ಸುತ್ತತೊಡಗಿತು. ಹಿರಿಯಡಕ ಕಳೆದು ಸ್ವರ್ಣಾ ನದಿಯ ಸೇತುವೆಗೆ ಬರುವಾಗ ನೀರಿನ ಮೇಲೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಸೇತುವೆಯ ಆಚೆ ತುದಿ ಕಾಣಲಿಲ್ಲ. ಬೆರಳುಗಳು ಹ್ಯಾಂಡಲಿಗೆ ಅಂಟಿಕೊಂಡಂತಿದ್ದವು. ಆಸ್ಪತ್ರೆಯಲ್ಲಿ ಕೈ ತೊಳೆದು, ಹಸಿರು ಗೌನಿನೊಳಗೆ ಅಂಗಿ ಬಿಚ್ಚಿ, ಒರಗುಕುರ್ಚಿಯಲ್ಲಿ ಕೂತೆ. ಸಿಸ್ಟರ್ ತಮ್ಮ ಅಂಗೈಯನ್ನು ನನ್ನ ಎದೆಯ ಮೇಲಿಟ್ಟು, ತಕ್ಷಣ ತೆಗೆದರು.

"ನಿಮ್ಮ ಎದೆ ನೆಲದ ಟೈಲ್ಸಿನ ಹಾಗೆ ಉಂಟಲ್ಲ," ಎಂದರು. "ಹೇಗೆ ಬಂದದ್ದು ನೀವು?"

ಬೈಕಿನಲ್ಲಿ ಎಂದೆ.

"ಈ ಎದೆಯ ಮೇಲೆ ಅದನ್ನು ಇಡ್ಲಿಕ್ಕೆ ಆಗುವುದಿಲ್ಲ. ನಮಗೆ ಚಳಿಯಾದರೆ ನಡುಗುತ್ತೇವೆ. ಅದಕ್ಕೆ ನಡುಗಲಿಕ್ಕೂ ಬರುವುದಿಲ್ಲ. ಹೊರಗೆ ಕೂತು ಬೆಚ್ಚಗಾಗಿ ಬನ್ನಿ."

ಹೊರಗೆ ಹೋಗಿ ಕೂತೆ. ಎದೆಯನ್ನು ಕೈಯಿಂದ ಉಜ್ಜಿದೆ, ಆದರೆ ಕೈಯೂ ತಣ್ಣಗಿತ್ತು. ಕ್ಯಾಂಟೀನಿನಲ್ಲಿ ಚಹಾ ಕುಡಿದೆ. ಮನುಷ್ಯನ ಚರ್ಮ ಬಿಸಿಯಾಗಲು ಇಷ್ಟು ಹೊತ್ತು ಬೇಕೆಂದು ನನಗೆ ತಿಳಿದಿರಲಿಲ್ಲ. ಕಡೆಗೆ ಸಿಸ್ಟರ್ ಒಪ್ಪಿ ಮಗುವನ್ನು ನನ್ನ ಎದೆಯ ಮೇಲಿಟ್ಟಾಗ ಕೆಲಸಕ್ಕೆ ಹೊರಡುವ ಸಮಯ ಹತ್ತಿರವಾಗಿತ್ತು. ಸಿಕ್ಕಿದ್ದು ಸ್ವಲ್ಪವೇ ಹೊತ್ತು. ಅವಳ ಭಾರ ಗೊತ್ತೇ ಆಗಲಿಲ್ಲ. ಒಂದು ಒದ್ದೆ ಎಲೆ ಬಂದು ಅಂಟಿಕೊಂಡ ಹಾಗಿತ್ತು. ಆಮೇಲೆ ಆ ಎಲೆ ಉಸಿರಾಡಿತು.

ಅವತ್ತು ಕಾರ್ಕಳಕ್ಕೆ ವಾಪಸು ಬರುವಾಗ ನನ್ನ ತಲೆಯಲ್ಲಿದ್ದದ್ದು ಒಂದೇ ವಿಷಯ. ದಾರಿಯಲ್ಲಿ ಎದೆ ತಣ್ಣಗಾಗಬಾರದು. ಕುರ್ಚಿಯಲ್ಲಿ ಬೆಚ್ಚಗಾಗುತ್ತ ಕಳೆಯುವ ಹೊತ್ತು ಅವಳ ಹೊತ್ತಿನಿಂದ ಕಳೆದುಹೋಗುತ್ತಿತ್ತು. ಬಸ್ಸಿನಲ್ಲಿ ಹೋಗಬಹುದಲ್ಲ ಎಂದು ಅತ್ತೆ ಕೇಳಿದರು. ಬಸ್ಸುಗಳನ್ನು ಬದಲಾಯಿಸಿ ತಲುಪಿ, ಮತ್ತೆ ಕಾರ್ಕಳಕ್ಕೆ ಬರುವಷ್ಟರಲ್ಲಿ ಪ್ರೆಸ್ಸಿನ ಅರ್ಧ ದಿನ ಮುಗಿದಿರುತ್ತಿತ್ತು. ಅದು ಮದುವೆಗಳ ಕಾಲ, ರಜೆ ಕೇಳುವ ಹಾಗಿರಲಿಲ್ಲ.

ಮನೆಯಲ್ಲಿ ಇದ್ದ ಒಂದೇ ಸ್ವೆಟರ್ ನಾನು ಹೈಸ್ಕೂಲಿನಲ್ಲಿದ್ದಾಗ ಊಟಿ ಪ್ರವಾಸಕ್ಕೆಂದು ತಂದದ್ದು. ಹೊಟ್ಟೆಯ ಮೇಲಕ್ಕೇ ನಿಲ್ಲುತ್ತಿತ್ತು. ಅದರ ಮೇಲೊಂದು ಅಂಗಿ ಹಾಕಿ ಹೊರಟೆ. ಉಣ್ಣೆಯ ತೂತುಗಳಲ್ಲಿ ಗಾಳಿ ಸಲೀಸಾಗಿ ಹಾದುಹೋಯಿತು. ಮರುದಿನ ಮಳೆಗಾಲದ ಜಾಕೆಟ್ ಹಾಕಿದೆ. ಗಾಳಿ ನಿಂತಿತು, ಆದರೆ ಒಳಗೆ ಬೆವರಿ ಎದೆ ಒದ್ದೆಯಾಯಿತು, ಜಾಕೆಟ್ ತೆಗೆದ ಕೂಡಲೇ ಆ ಒದ್ದೆ ಮಂಜುಗಡ್ಡೆಯಂತಾಯಿತು. ಸಿಸ್ಟರ್ ಅಂಗೈ ಇಟ್ಟು ತಲೆಯಾಡಿಸಿದರು. ಜಾಕೆಟ್ಟಿನ ಜಿಪ್ಪಿನ ಸಾಲಿನಲ್ಲೇ ಗಾಳಿ ನುಸುಳುತ್ತದೆ ಎನ್ನುವುದೂ ಆಗ ತಿಳಿಯಿತು.

ಪೇಪರಿನ ಉಪಾಯ ಹೊಳೆದದ್ದು ಪ್ರೆಸ್ಸಿನಲ್ಲಿ. ನಾವು ಬಿಸಿ ಬನ್ಸ್ ಕಟ್ಟಿಸಿಕೊಂಡು ಬರುವುದು ಪೇಪರಿನಲ್ಲಿ, ಅದು ಮಧ್ಯಾಹ್ನದವರೆಗೂ ಬಿಸಿ ಇರುತ್ತದೆ. ಮರುದಿನ ಹಳೆಯ ದಿನಪತ್ರಿಕೆಗಳನ್ನು ಮಡಚಿ ಬನಿಯನ್ನಿನ ಒಳಗೆ ಎದೆಯ ತುಂಬ ತುರುಕಿಕೊಂಡೆ. ಪರ್ಕಳ ತಲುಪಿದರೂ ಎದೆ ಬಿಸಿಯಾಗಿಯೇ ಇತ್ತು. ಸಂತೋಷದಿಂದ ಹೋಗಿ ಗೌನು ಸರಿಸಿದರೆ ಸಿಸ್ಟರ್ ಹತ್ತಿರ ಬಂದು ಬಗ್ಗಿ ನೋಡಿದರು.

"ಇದು ಎಂತ, ನಿಮ್ಮ ಎದೆಯಲ್ಲಿ ನಿನ್ನೆಯ ಸುದ್ದಿ ಉಂಟಲ್ಲ ಮಾರಾಯ್ರೇ."

ಶಾಯಿ ಬೆವರಿಗೆ ಬಿಟ್ಟು ಚರ್ಮದ ಮೇಲೆ ತಿರುಗುಮುರುಗಾಗಿ ಅಚ್ಚಾಗಿತ್ತು. ಪಕ್ಕದ ಸಿಸ್ಟರುಗಳೂ ನಕ್ಕರು, ನಾನೂ ನಕ್ಕೆ. ಆ ಘಟಕದಲ್ಲಿ ನಾನು ನಕ್ಕದ್ದು ಅದೇ ಮೊದಲು. ಆಮೇಲೆ ಸೋಪು ಹಾಕಿ ತೊಳೆಯಬೇಕಾಯಿತು, ತೊಳೆದ ಎದೆ ಮತ್ತೆ ತಣ್ಣಗಾಯಿತು.

ಪ್ರೆಸ್ಸಿನ ಯಜಮಾನರಿಗೆ ವಿಷಯ ಹೇಳಿದಾಗ ಅವರು ಗೋದಾಮಿಗೆ ಹೋಗಿ, ಅಚ್ಚಾಗದ ಬಿಳಿ ಕಾಗದದ ಒಂದು ದೊಡ್ಡ ಕಟ್ಟನ್ನು ತಂದು ನನ್ನ ಬೈಕಿನ ಹಿಂದೆ ಕಟ್ಟಿದರು. ಆಮೇಲೆ ನನ್ನ ಉಡುಗೆ ಒಂದು ಕ್ರಮಕ್ಕೆ ಬಂತು. ಮೊದಲು ತೆಳುವಾದ ಹತ್ತಿ ಬನಿಯನ್, ಅದರ ಮೇಲೆ ಖಾಲಿ ಕಾಗದ, ಅದರ ಮೇಲೆ ಊಟಿಯ ಸ್ವೆಟರ್. ಎಲ್ಲದರ ಮೇಲೆ ಮಳೆಗಾಲದ ಜಾಕೆಟನ್ನು ಹಿಂದುಮುಂದಾಗಿ, ಜಿಪ್ಪು ಬೆನ್ನಿಗೆ ಬರುವಂತೆ. ಬೆನ್ನಿನ ಕಡೆ ಜಿಪ್ಪು ಅರ್ಧ ತೆರೆದಿಟ್ಟರೆ ಬೆವರೂ ಬರುತ್ತಿರಲಿಲ್ಲ. ಸ್ವೆಟರಿಗೂ ಜಾಕೆಟಿಗೂ ನಡುವೆ ಹೆಂಡತಿಯ ಶಾಲಿನಲ್ಲಿ ಕಟ್ಟಿದ ಒಂದು ರಬ್ಬರಿನ ಬಿಸಿನೀರಿನ ಚೀಲ. ಕೈಗೆ ನೂಲಿನ ಗವಸು, ಅದರ ಮೇಲೆ ಬ್ರೆಡ್ಡಿನ ಪ್ಲಾಸ್ಟಿಕ್ ತೊಟ್ಟೆ. ಬೈಲೂರಿನ ಹತ್ತಿರ ಜನ ಗೇರುಮರದ ಎಲೆ ಗುಡಿಸಿ ರಸ್ತೆ ಬದಿಯಲ್ಲಿ ಬೆಂಕಿ ಹಾಕಿ ಕಾಯಿಸಿಕೊಳ್ಳುತ್ತಿದ್ದರು. ಆ ಬೆಂಕಿ ಕಂಡಾಗೆಲ್ಲ ಬೈಕು ತಾನಾಗಿ ನಿಧಾನವಾಗುತ್ತಿತ್ತು. ಆದರೆ ಹೊಗೆಯ ವಾಸನೆ ಹೊತ್ತು ಅವಳ ಹತ್ತಿರ ಹೋಗುವಂತಿರಲಿಲ್ಲ. ನಿಲ್ಲದೆ ಹೋಗುತ್ತಿದ್ದೆ. ಹಿಂದುಮುಂದು ಜಾಕೆಟ್ ತೊಟ್ಟ, ಎದೆ ಉಬ್ಬಿದ, ಕೈಗೆ ಬ್ರೆಡ್ಡಿನ ತೊಟ್ಟೆ ಕಟ್ಟಿದ ನನ್ನನ್ನು ಅವರು ದಿನವೂ ನೋಡುತ್ತಿದ್ದರು. ಮೊದಮೊದಲು ನಗುತ್ತಿದ್ದರು. ಆಮೇಲಾಮೇಲೆ ಕೈ ಎತ್ತುತ್ತಿದ್ದರು.

ಒಂದು ಬೆಳಗ್ಗೆ ಸಿಸ್ಟರ್ ಎಂದಿನಂತೆ ಅಂಗೈ ಇಟ್ಟರು. ತೆಗೆಯಲಿಲ್ಲ. ಸ್ವಲ್ಪ ಹೊತ್ತು ಹಾಗೆಯೇ ಇಟ್ಟುಕೊಂಡು, "ಈಗ ಸರಿ ಉಂಟು," ಎಂದು ಮಗುವನ್ನು ತಂದರು.

ಅಲ್ಲಿಂದ ಮುಂದಿನ ಬೆಳಗುಗಳು ನನ್ನ ಬದುಕಿನ ಅತ್ಯಂತ ಒಳ್ಳೆಯ ಬೆಳಗುಗಳು. ಇದನ್ನು ಯಾರಿಗೂ ಹೇಳಿರಲಿಲ್ಲ, ಹೆಂಡತಿಗಂತೂ ಅಲ್ಲವೇ ಅಲ್ಲ. ಮಗುವನ್ನು ಕಪ್ಪೆಯ ಹಾಗೆ ಕಾಲು ಮಡಚಿ ಎದೆಯ ನಡುವೆ ಇಟ್ಟು, ಮೇಲೆ ಬಟ್ಟೆ ಸುತ್ತಿ, ತಲೆಗೆ ಟೊಪ್ಪಿ ಎಳೆಯುತ್ತಿದ್ದರು. ಅವಳ ಕಿವಿ ನನ್ನ ಎದೆಬಡಿತದ ಮೇಲೆ. ಯಂತ್ರದ ಪರದೆಯಲ್ಲಿ ಅವಳ ಉಸಿರಿನ ಗೆರೆ ಮೊದಲು ಹೇಗೆ ಹೇಗೋ ಓಡುತ್ತಿದ್ದದ್ದು ಕ್ರಮೇಣ ಶಾಂತವಾಗುತ್ತಿತ್ತು. ಕೆಲವೊಮ್ಮೆ ಉಸಿರಾಡುವುದನ್ನೇ ಮರೆತುಬಿಡುತ್ತಿದ್ದಳು. ಆಗ ಗಂಟೆ ಹೊಡೆಯುತ್ತಿತ್ತು, ಬೆನ್ನನ್ನು ಬೆರಳಿನಿಂದ ಸವರಿದರೆ ಸಾಕು, ನೆನಪಾಗಿ ಮತ್ತೆ ಎಳೆದುಕೊಳ್ಳುತ್ತಿದ್ದಳು. ನನ್ನ ಎದೆಗೂದಲನ್ನು ಹಿಡಿಯುತ್ತಿದ್ದಳು. ಅಷ್ಟು ಸಣ್ಣ ಕೈಗೆ ಅಷ್ಟು ಬಲ ಎಲ್ಲಿಂದ ಎಂದು ಅನ್ನಿಸುತ್ತಿತ್ತು.

ಸಮಯ ಮುಗಿದ ಮೇಲೆ ನಾನು ಮಹಡಿ ಹತ್ತುತ್ತಿದ್ದೆ. ಆ ಕ್ರಿಮಿಯಿಂದಾಗಿ ಮೇಲಿನಿಂದ ನೇರವಾಗಿ ಮಗುವಿನ ಹತ್ತಿರ ಬರುವಂತಿರಲಿಲ್ಲ, ಕೆಳಗಿನಿಂದ ಮೇಲೆ ಹೋಗಬಹುದಿತ್ತು. ಹೋಗಿ, ಮನೆಯಲ್ಲಿ ಮಿಂದು, ಬೇರೆ ಬಟ್ಟೆ ತೊಟ್ಟು ಮರುದಿನ ಬರಬೇಕು. ನನ್ನ ಹೆಂಡತಿ ಮಂಚದಲ್ಲಿ ಒರಗಿ ಬಾಗಿಲನ್ನೇ ನೋಡುತ್ತ ಇರುತ್ತಿದ್ದಳು. ಜ್ವರದಿಂದ ತುಟಿ ಒಡೆದಿರುತ್ತಿತ್ತು. ಮೊದಲ ದಿನ ಅವಳು ಕೇಳಿದ್ದು ಒಂದೇ, ಬಾಲೆ ಹೇಗೆ ಉಂಟು ಎಂದು. ನಾವು ಮನೆಯಲ್ಲಿ ಮಾತಾಡುವುದು ತುಳು, ತುಳುವಿನಲ್ಲಿ ಮಗುವಿಗೆ ಬಾಲೆ ಎನ್ನುತ್ತೇವೆ; ಹೆಸರಿಡುವ ಶಾಸ್ತ್ರ ಆಗಿರಲಿಲ್ಲವಾದ್ದರಿಂದ ಅವಳಿಗೆ ನಮ್ಮಲ್ಲಿದ್ದ ಹೆಸರೂ ಅದೇ. ನಾನು ಹೇಳಲು ಬಾಯಿ ತೆರೆಯುವ ಮೊದಲೇ ಹೆಂಡತಿ ನನ್ನ ಅಂಗಿಯ ಗುಂಡಿ ಬಿಚ್ಚಿ, ಮುಖವನ್ನು ಎದೆಗೆ ಒತ್ತಿದಳು. ಅತ್ತೆ ಕಿಟಕಿಯ ಕಡೆಗೆ ತಿರುಗಿದರು. ಬಹಳ ಹೊತ್ತು ಹಾಗೆಯೇ ಮೂಸುತ್ತಿದ್ದಳು. ಹಾಲಿನ ವಾಸನೆ ಉಂಟು, ನನ್ನ ಹಾಲಿನದ್ದು ಎಂದಳು.

ದಿನವೂ ಅದೇ ಆಯಿತು. ವಾರ್ಡಿನ ಇತರ ಹೆಂಗಸರಿಗೂ ಅಭ್ಯಾಸವಾಗಿ, ನಾನು ಬಂದಾಗ ಪರದೆ ಎಳೆಯುತ್ತಿದ್ದರು. ತನಗೆ ಬೇಕಾದ್ದನ್ನು ಎದೆಯಿಂದ ತೆಗೆದುಕೊಂಡ ಮೇಲೆಯೇ ಅವಳು ಪ್ರಶ್ನೆ ಕೇಳುತ್ತಿದ್ದಳು. ಯಾವ ಕಡೆಗೆ ತಲೆ ಇಟ್ಟಿದ್ದಳು? ಬಿಕ್ಕಳಿಕೆ ಬಂತಾ? ಕಾಲಿನ ಹೆಬ್ಬೆರಳು ಯಾರ ಹಾಗೆ? ನಾನು ಹೇಳುತ್ತಿದ್ದೆ. ಆಮೇಲೆ ಕಾರ್ಕಳಕ್ಕೆ ಹೊರಡುತ್ತಿದ್ದೆ, ಬಿಸಿಲು ಬಂದಿರುತ್ತಿತ್ತು.

ಮಗುವಿನ ತೂಕ ಏರತೊಡಗಿತು. ಹೆಂಡತಿಯ ಜ್ವರವೂ ಇಳಿಯಿತು, ಗಾಯ ಒಣಗಿತು. ಪರೀಕ್ಷೆಗೆ ಕಳುಹಿಸಿದ್ದು ಒಂದು ಸಲ ಸ್ವಚ್ಛವಾಗಿ ಬಂತು. ಇನ್ನೊಂದು ಸಲ ಹಾಗೆಯೇ ಬಂದರೆ ತಾಯಿಯನ್ನು ಒಳಗೆ ಬಿಡುತ್ತೇವೆ ಎಂದರು. ಅವಳು ಅಮ್ಮನಿಂದ ತಲೆಗೆ ಎಣ್ಣೆ ಹಾಕಿಸಿಕೊಂಡಳು. ಮುಂದೆ ಗುಂಡಿ ಇರುವ ನೈಟಿ ಬೇಕೆಂದು ಅಣ್ಣನಿಂದ ಉಡುಪಿಯಿಂದ ತರಿಸಿಕೊಂಡಳು. ನಾನು ಇನ್ನು ಮುಂದೆ ಜಾಕೆಟ್ ಹಿಂದುಮುಂದು ಹಾಕಿಕೊಂಡು ಓಡಾಡಬೇಕಾಗಿಲ್ಲ ಎಂದು ತಮಾಷೆ ಮಾಡಿದಳು.

ಅದು ಜನವರಿಯ ಒಂದು ದಿನ. ಬೆಳಗ್ಗೆ ಎದೆಯ ಮೇಲಿದ್ದಾಗ ಮಗು ಎಂದಿನಂತೆ ಇರಲಿಲ್ಲ. ಹಿಡಿತ ಸಡಿಲವಿತ್ತು, ಹೊಟ್ಟೆ ಸ್ವಲ್ಪ ಬಿಗಿ ಇತ್ತು. ಸಿಸ್ಟರ್ ಕೂಡಲೇ ಗಮನಿಸಿ ಅವಳನ್ನು ಎತ್ತಿಕೊಂಡರು, ವೈದ್ಯರು ಬಂದರು. ಕರುಳಿನ ಸೋಂಕು ಇರಬಹುದು, ತಿಂಗಳು ತುಂಬದ ಮಕ್ಕಳಲ್ಲಿ ಇದು ಹೇಳದೆ ಕೇಳದೆ ಬರುತ್ತದೆ, ಔಷಧಿ ಶುರು ಮಾಡಿದ್ದೇವೆ ಎಂದರು. ಮೇಲೆ ಹೋಗಿ ಹೆಂಡತಿಗೆ ಇವತ್ತು ಸ್ವಲ್ಪ ಸುಸ್ತಾಗಿದ್ದಾಳೆ ಎಂದೆ. ಅವಳು ಎಂದಿನಂತೆ ಎದೆಗೆ ಮುಖವಿಟ್ಟಳು. ಏನೂ ಕೇಳಲಿಲ್ಲ. ನೀವು ಕೆಲಸಕ್ಕೆ ಹೋಗಿ, ಇಲ್ಲಿ ಅಮ್ಮ ಇದ್ದಾರಲ್ಲ ಎಂದಳು.

ಮಧ್ಯಾಹ್ನ ಪ್ರೆಸ್ಸಿಗೆ ಫೋನ್ ಬಂತು. ಹೊರಟಾಗ ಮೈಮೇಲೆ ಅಂಗಿ ಮಾತ್ರ ಇತ್ತು, ಬಿಸಿಲು ಉರಿಯುತ್ತಿತ್ತು. ಇಡೀ ದಾರಿ ನನ್ನ ಎದೆ ಎಷ್ಟು ಬಿಸಿಯಾಗಿದೆ ಎಂದು ನಾನು ಯೋಚಿಸುತ್ತಿದ್ದೆ. ತಲುಪಿದ ಕೂಡಲೇ ಕಾಯದೆ ಅವಳನ್ನು ಇಟ್ಟುಕೊಳ್ಳಬಹುದು ಎಂದು. ಅಂಥ ಹೊತ್ತಿನಲ್ಲಿ ತಲೆ ಹೀಗೆ ಓಡುತ್ತದೆ.

ಘಟಕದ ಬಾಗಿಲಲ್ಲಿ ಗಾಲಿಕುರ್ಚಿ ಇತ್ತು. ಹೆಂಡತಿಯನ್ನು ಒಳಗೆ ಬಿಟ್ಟಿದ್ದರು. ಎರಡನೆಯ ಪರೀಕ್ಷೆಯ ಫಲಿತಾಂಶ ಬಂದಿತ್ತೋ ಇಲ್ಲವೋ ಯಾರೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಅವಳು ನಾನು ದಿನವೂ ಕೂರುತ್ತಿದ್ದ ಕುರ್ಚಿಯಲ್ಲಿದ್ದಳು. ಹೊಸ ನೈಟಿಯ ಗುಂಡಿಗಳು ತೆರೆದಿದ್ದವು. ಮಗುವಿನ ನಳಿಗೆಗಳನ್ನೆಲ್ಲ ತೆಗೆದಿದ್ದರು. ಆ ಮುಖವನ್ನು ಪಟ್ಟಿಗಳಿಲ್ಲದೆ ನಾನು ನೋಡಿದ್ದು ಆಗಲೇ. ಯಂತ್ರದ ಪರದೆಯನ್ನು ಗೋಡೆಯ ಕಡೆಗೆ ತಿರುಗಿಸಿದ್ದರು. ಹಿರಿಯ ಸಿಸ್ಟರ್ ಪಕ್ಕದಲ್ಲಿ ನಿಂತಿದ್ದರು.

ಹೆಂಡತಿ ತಲೆಯೆತ್ತಿ ನನ್ನನ್ನು ನೋಡಿ, "ನನಲಾ ಬೆಚ್ಚ ಉಂಡು," ಎಂದಳು.

ಇನ್ನೂ ಬಿಸಿ ಇದೆ ಎಂದು. ನಾನು ಕೈಯಿಟ್ಟು ನೋಡಿದೆ. ಬಿಸಿ ಇತ್ತು. ಅದು ಮಗುವಿನ ಬಿಸಿಯೋ ತಾಯಿಯದ್ದೋ ತಿಳಿಯುವಂತಿರಲಿಲ್ಲ. ಹೌದು ಎಂದೆ. ಸಿಸ್ಟರ್ ಬಟ್ಟೆಯನ್ನು ಇನ್ನಷ್ಟು ಮೇಲಕ್ಕೆ ಎಳೆದು ಹೊದಿಸಿದರು. ಎಷ್ಟು ಹೊತ್ತು ಬೇಕಾದರೂ ಕೂರಿ, ಯಾರೂ ಎಬ್ಬಿಸುವುದಿಲ್ಲ ಎಂದು ಹೇಳಿ ಆಚೆ ಹೋದರು.

ಸಂಜೆಯ ಮೊದಲು ಅವಳ ಅಣ್ಣ ಕಾರು ತಂದ. ಕಾಪುವಿನ ಮನೆಯ ಹಿತ್ತಲಲ್ಲಿ ಜಾಗ ಮಾಡಿದ್ದರು. ಹೆಂಡತಿಯನ್ನು ವೈದ್ಯರು ಆ ದಿನ ಬಿಡಲಿಲ್ಲ. ಹಿಂದಿನ ಸೀಟಿನಲ್ಲಿ ನಾನು ಮಗುವನ್ನು ಬಟ್ಟೆಯಲ್ಲಿ ಸುತ್ತಿ ಎದೆಗೆ ಹಿಡಿದು ಕೂತೆ. ಉಡುಪಿ ದಾಟಿ ಹೆದ್ದಾರಿಗೆ ಬರುವಾಗ ಅಣ್ಣ ಎಸಿ ಹಾಕಿದ. ಬೇಡ, ಆಫ್ ಮಾಡು ಎಂದೆ. ಸೆಕೆ ಎಂದು ಅವನು ಗಾಜು ಇಳಿಸಹೋದ. ಗಾಜೂ ಬೇಡ, ಗಾಳಿ ಬರುತ್ತದೆ ಎಂದೆ. ಅವನು ಕನ್ನಡಿಯಲ್ಲಿ ನನ್ನನ್ನು ನೋಡಿ, ಗಾಜು ಏರಿಸಿದ. ಕಾಪು ತಲುಪುವಷ್ಟರಲ್ಲಿ ಇಬ್ಬರೂ ಬೆವರಿನಲ್ಲಿ ತೊಯ್ದಿದ್ದೆವು. ಅವನು ಅಳುತ್ತಿದ್ದ. ನನಗೆ ಅಳು ಬರಲಿಲ್ಲ.

ಕೆಲವು ದಿನಗಳ ಮೇಲೆ ಹೆಂಡತಿಯನ್ನು ಕಾಪುವಿಗೆ ಕರೆತಂದೆವು. ಮಗು ಹೋದದ್ದು ಅವಳ ಎದೆಗೆ ಗೊತ್ತಾಗಿರಲಿಲ್ಲ. ಹಾಲು ಬರುತ್ತಲೇ ಇತ್ತು. ಎದೆ ಕಲ್ಲಿನಂತೆ ಗಟ್ಟಿಯಾಗಿ, ಮುಟ್ಟಿದರೆ ನೋವು. ಆ ಭಾಗದಲ್ಲಿ ಮನೆ ಮನೆಯಲ್ಲೂ ಮಲ್ಲಿಗೆ ಬೆಳೆಯುತ್ತಾರೆ, ಅವರಲ್ಲೂ ಇತ್ತು. ಹಾಲು ಬತ್ತಲು ಮಲ್ಲಿಗೆ ಕಟ್ಟುವುದು ಅಲ್ಲಿನ ಹಳೆಯ ಕ್ರಮ. ಅತ್ತೆ ಬೆಳಗ್ಗೆ ಎದ್ದು ಮೊಗ್ಗು ಕೊಯ್ದು ತರುತ್ತಿದ್ದರು, ಮಲ್ಲಿಗೆ ಕೊಳ್ಳುವ ವ್ಯಾಪಾರಿಯ ಕಟ್ಟೆಗೆ ಕೊಡುವ ಹೂವನ್ನು ಆಮೇಲೆ ಕೊಯ್ಯುತ್ತಿದ್ದರು. ಮಗಳನ್ನು ಕೋಣೆಯಲ್ಲಿ ಕೂರಿಸಿ, ಮೊಗ್ಗುಗಳನ್ನು ಎದೆಯ ಮೇಲೆ ಹರಡಿ, ಹಳೆಯ ಸೀರೆಯ ತುಂಡಿನಿಂದ ಬಿಗಿಯಾಗಿ ಕಟ್ಟುತ್ತಿದ್ದರು. ಸಂಜೆ ಬಿಚ್ಚಿದಾಗ ಹೂಗಳು ಅವಳ ಶಾಖಕ್ಕೆ ಅರಳಿ, ಹಾಲಿನಲ್ಲಿ ನೆನೆದು, ಕಂದು ಬಣ್ಣಕ್ಕೆ ತಿರುಗಿರುತ್ತಿದ್ದವು. ಅತ್ತೆ ಅದನ್ನು ಎಲ್ಲೂ ಬಿಸಾಡದೆ ತೆಂಗಿನ ಬುಡದಲ್ಲಿ ಹೂಳುತ್ತಿದ್ದರು. ಇಡೀ ಮನೆ ಮಲ್ಲಿಗೆಯ ವಾಸನೆಯಿಂದ ತುಂಬಿತ್ತು, ಮದುವೆಮನೆಯ ಹಾಗೆ.

ಒಂದು ಸಲ ಮಾತ್ರ ಅವಳು ಕೇಳಿದಳು, ನನ್ನ ಹಾಲಿನಿಂದ ಏನಾದರೂ ಆಯಿತಾ ಎಂದು. ಇಲ್ಲ, ವೈದ್ಯರನ್ನು ನಾನು ಅದನ್ನೇ ಕೇಳಿದ್ದೇನೆ, ಅಷ್ಟು ದಿನ ಉಳಿಸಿದ್ದು ಆ ಹಾಲು ಎಂದರು ಎಂದೆ. ಅದು ನಿಜ. ಅವಳು ನಂಬಿದಳೋ ಇಲ್ಲವೋ ಗೊತ್ತಿಲ್ಲ.

ನಾನು ಭಾನುವಾರಗಳಲ್ಲಿ ಕಾಪುವಿಗೆ ಹೋಗುತ್ತಿದ್ದೆ. ಒಂದು ಭಾನುವಾರ ಹಾಲು ಪೂರಾ ನಿಂತಿತ್ತು. ಅವಳು ಹಿತ್ತಲಿನ ಮೆಟ್ಟಿಲಲ್ಲಿ ಕೂತಿದ್ದಳು, ನಾನು ಪಕ್ಕದಲ್ಲಿ ಕೂತೆ. ಮನೆಗೆ ಬರುತ್ತೀಯಾ ಎಂದು ಕೇಳಿದೆ. ಅವಳು ಕೋಪವಿಲ್ಲದೆ ಹೇಳಿದಳು:

"ನಿಮಗೆ ಅಷ್ಟೊಂದು ಬೆಳಗು ಸಿಕ್ಕಿತು. ನನಗೆ ಎಂತ ಸಿಕ್ಕಿತು?"

ಅವಳು ನನ್ನ ಹತ್ತಿರ ಬರಲಾರದೆ ಕಾಪುವಿನಲ್ಲೇ ಉಳಿದದ್ದು ಯಾಕೆಂದು ಆಗ ಅರ್ಥವಾಯಿತು. ನನ್ನ ಎದೆ ಅವಳಿಗೆ ಮಗು ಇದ್ದ ಜಾಗ. ಅಲ್ಲಿ ಮುಖವಿಡಲೂ ಆಗದು, ಅದನ್ನು ನೋಡುತ್ತ ಒಂದೇ ಮನೆಯಲ್ಲಿ ಇರಲೂ ಆಗದು. ಒಂದೇ ಮಗುವನ್ನು ಕಳೆದುಕೊಂಡರೂ ನಾವಿಬ್ಬರೂ ಕಳೆದುಕೊಂಡದ್ದು ಬೇರೆ ಬೇರೆ. ನನಗೆ ಸಿಕ್ಕಿ ಆಮೇಲೆ ಹೋಯಿತು, ಅವಳಿಗೆ ಸಿಗಲೇ ಇಲ್ಲ. ಸಂಜೆ ಒಬ್ಬನೇ ಬೈಕಿನಲ್ಲಿ ಶಿರ್ವದ ದಾರಿಯಾಗಿ ವಾಪಸು ಬಂದೆ. ಬೆಳ್ಮಣ್ಣಿನ ಹತ್ತಿರ ಬೈಕು ನಿಲ್ಲಿಸಿದೆ. ಕಾರಿನಲ್ಲಿ ಬರದಿದ್ದ ಅಳು ಅಲ್ಲಿ ಬಂತು.

ಆ ಮಳೆಗಾಲವನ್ನು ಅವಳು ಕಾಪುವಿನಲ್ಲೇ ಕಳೆದಳು. ಪ್ರೆಸ್ಸಿನಲ್ಲಿ ನಾನು ಬೇರೆಯವರ ಮಕ್ಕಳ ನಾಮಕರಣದ ಕಾಗದಗಳನ್ನು ಜೋಡಿಸುತ್ತಿದ್ದೆ. ಯಜಮಾನರು ಅಂಥವನ್ನು ಇನ್ನೊಬ್ಬನಿಗೆ ಕೊಡಲು ನೋಡಿದರು, ನಾನೇ ಬೇಡವೆಂದೆ. ಫೋನಿನಲ್ಲಿ ನಾವು ಮಾತಾಡುತ್ತಿದ್ದದ್ದು ಮಳೆ, ಊಟ, ಅವಳ ಸಕ್ಕರೆಯ ಮಾತ್ರೆ ಇಷ್ಟೇ.

ನವರಾತ್ರಿ ಕಳೆದ ಮೇಲೆ ಒಂದು ದಿನ ಅವಳಾಗಿಯೇ ಫೋನ್ ಮಾಡಿ, ಬಂದು ಕರೆದುಕೊಂಡು ಹೋಗಿ ಎಂದಳು. ಹೋದೆ. ಅವಳು ಬೈಕಿನಲ್ಲೇ ಬರುತ್ತೇನೆ ಎಂದಳು. ಆದರೆ ಸೀದಾ ಮನೆಗೆ ಬೇಡ, ಮಟ್ಟುವಿನ ಕಡೆ ಕಡಲ ದಾರಿಯಲ್ಲಿ ಹೋಗುವ ಎಂದಳು. ಒಂದು ಕಡೆ ಹೊಳೆ, ಒಂದು ಕಡೆ ಕಡಲು, ನಡುವೆ ಸಪುರ, ಇಕ್ಕಟ್ಟಾದ ರಸ್ತೆ. ಒಂದು ಕಡೆ ನಿಲ್ಲಿಸಲು ಹೇಳಿ, ಕಲ್ಲಿನ ಮೇಲೆ ಕೂತಳು. ಬಿಸಿಲು ಇಳಿಯುತ್ತಿತ್ತು.

ನನಗೆ ಈಗ ಹೇಳಿ ಎಂದಳು. ಮೊದಲ ಬೆಳಗ್ಗಿನಿಂದ.

ನಾನು ಹೇಳಿದೆ. ಆಗ ಆಸ್ಪತ್ರೆಯಲ್ಲಿ ಅವಸರದಲ್ಲಿ ಹೇಳಿದ್ದನ್ನೂ, ಹೇಳದೆ ಬಿಟ್ಟಿದ್ದನ್ನೂ. ಒದ್ದೆ ಎಲೆ ಅಂಟಿದ ಹಾಗೆ ಇದ್ದದ್ದು, ಉಸಿರು ಮರೆಯುತ್ತಿದ್ದದ್ದು, ಬೆನ್ನು ಸವರಿದರೆ ನೆನಪಾಗುತ್ತಿದ್ದದ್ದು, ನಿದ್ದೆಯಲ್ಲಿ ಒಂದು ಸಲ ಬಾಯಿಯ ಒಂದು ಬದಿಯಲ್ಲಿ ಮಾತ್ರ ನಕ್ಕದ್ದು. ಆ ಬೆಳಗುಗಳು ನನ್ನ ಬದುಕಿನಲ್ಲೇ ಒಳ್ಳೆಯವು ಎಂಬುದನ್ನೂ ಹೇಳಿದೆ. ಅವಳು ತಲೆಯಾಡಿಸಿದಳು. ನನ್ನ ಹತ್ತಿರ ಇದ್ದದ್ದೆಲ್ಲ ಮುಗಿದಾಗ ಕಡಲಿನ ಮೇಲೆ ಇನ್ನೂ ಬೆಳಕಿತ್ತು. ಅಷ್ಟು ಬೇಗ ಮುಗಿದುಹೋಗುತ್ತದೆ ಎಂದು ನಾನು ಎಣಿಸಿರಲಿಲ್ಲ.

ಕಣ್ಣು ಬಿಡುತ್ತಿದ್ದಳಾ ಎಂದು ಕೇಳಿದಳು.

ಹೌದು, ಕೆಲವೊಮ್ಮೆ, ಟೊಪ್ಪಿಯ ಕೆಳಗಿನಿಂದ ನೋಡುತ್ತಿದ್ದಳು ಎಂದೆ.

"ಯಾವ ಬಣ್ಣ? ನಿಮ್ಮ ಹಾಗೆ ಕಪ್ಪಾ, ನನ್ನ ಹಾಗೆ ಕಂದಾ?"

ನಾನು ನೆನಪು ಮಾಡಿಕೊಳ್ಳಲು ನೋಡಿದೆ. ಆ ಕೋಣೆಯ ಮಂದ ಬೆಳಕು ನೆನಪಾಯಿತು, ಟೊಪ್ಪಿಯ ಅಂಚಿನ ಹಳದಿ ನೂಲು ನೆನಪಾಯಿತು.

ಗೊತ್ತಿಲ್ಲ ಎಂದೆ.

ಅವಳು ಎದ್ದು ಸೀರೆಯ ಮರಳು ಕೊಡವಿಕೊಂಡು, ಕಾರ್ಕಳದಲ್ಲಿ ತರಕಾರಿ ತೆಗೆದುಕೊಳ್ಳಬೇಕು, ಮನೆಯಲ್ಲಿ ಎಂತದೂ ಇರಲಿಕ್ಕಿಲ್ಲ ಎಂದಳು. ನಾನು ಬೈಕು ಸ್ಟಾರ್ಟ್ ಮಾಡಿದೆ.